ಹಂಗು ಕಳೆದು ಸ್ನೇಹವಾದ ಕಾಣಿಕೆ

ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಬರೆದಿಡುವ ಪುಸ್ತಕವೊಂದಿರುತ್ತದೆ. ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟು, ಅವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅಷ್ಟನ್ನೋ, ತುಸು ಹೆಚ್ಚನ್ನೋ ಮರಳಿಸುವುದು ವಾಡಿಕೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮರಳಿಸಲಾಗದಷ್ಟು ದೊಡ್ಡ ಉಪಕಾರ ಪಡೆದವರು ಏನು ಮಾಡಬೇಕು? ಜೀವನವಿಡೀ ಹಂಗಿನಲ್ಲಿ ತಲೆತಗ್ಗಿಸಿರಬೇಕೆ?

ಒಂದು ದೇಶದ ಧರ್ಮಕೇಂದ್ರಗಳು ಮತ್ತೊಂದು ದೇಶದ ಧರ್ಮಕೇಂದ್ರಗಳಿಗೆ ನೆರವಾಗುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಭಾವ ನಮಗರಿವಿಲ್ಲದೆಯೇ ನುಸುಳುತ್ತದೆ. ಜರ್ಮನಿಯ ಕೊಲೋನ್ ಮತ್ತು ಜಪಾನಿನ ಟೋಕಿಯೊ ಮಹಾಧರ್ಮಪ್ರಾಂತ್ಯಗಳ ಸ್ನೇಹವು ಇದಕ್ಕೊಂದು ಉತ್ತರವನ್ನು ನೀಡಿದೆ.

ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳಿಂದ ಕೊಲೋನ್ ನಗರದ ನಡುಭಾಗ ಬಹುಮಟ್ಟಿಗೆ ನೆಲಸಮವಾಗಿತ್ತು. 1946ರ ಕಡುಚಳಿಯಲ್ಲಿ ಜನರು ರೈಲು ಬಂಡಿಗಳಿಂದ ಕಲ್ಲಿದ್ದಲು ಕದ್ದು ಒಲೆ ಹೊತ್ತಿಸುತ್ತಿದ್ದರು. ಆ ವರ್ಷದ ಡಿಸೆಂಬರ್ 31ರಂದು ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಯೋಸೆಫ್ ಫ್ರಿಂಗ್ಸ್ ತಮ್ಮ ಪ್ರಬೋಧನೆಯಲ್ಲಿ, ಪ್ರಾಣ ಉಳಿಸಿಕೊಳ್ಳಲು ಅವಶ್ಯವಾದುದನ್ನು ದುಡಿದಾಗಲಿ ಬೇಡಿಯಾಗಲಿ ಪಡೆಯಲಾಗದವನು ಅದನ್ನು ತೆಗೆದುಕೊಳ್ಳಬಹುದೆಂದರು. ಅದಕ್ಕಿಂತ ಹೆಚ್ಚು ತೆಗೆದವರು ಮರಳಿಸಬೇಕೆಂದೂ ಎಚ್ಚರಿಸಿದರು. ಹೀಗೆ ಕಲ್ಲಿದ್ದಲು ಎತ್ತಿಕೊಳ್ಳುವುದಕ್ಕೆ ಅವರ ಹೆಸರಿನಿಂದಲೇ 'ಫ್ರಿಂಗ್ಸೆನ್' ಎಂಬ ಕ್ರಿಯಾಪದ ಜರ್ಮನ್ ಭಾಷೆಯಲ್ಲಿ ಹುಟ್ಟಿಕೊಂಡಿತು.

ಅದೇ ಫ್ರಿಂಗ್ಸ್ 1954ರಲ್ಲಿ, ಇನ್ನೂ ತಮ್ಮ ಮನೆಗಳನ್ನೂ ಆಲಯಗಳನ್ನೂ ಕಟ್ಟಿಕೊಳ್ಳುತ್ತಿದ್ದ ಆ ಜನರ ಮುಂದೆ ಟೋಕಿಯೊಗಾಗಿ ಕೈಚಾಚಿದರು. ಟೋಕಿಯೊದ ಮಹಾಧರ್ಮಾಧ್ಯಕ್ಷ ಪೀಟರ್ ತತ್ಸುವೊ ದೋಯಿ ಅವರೊಡನೆ ಪರಸ್ಪರ ಪ್ರಾರ್ಥನೆ ಮತ್ತು ನೆರವಿನ ಬಾಂಧವ್ಯವನ್ನು ಬೆಸೆದರು. ಟೋಕಿಯೊದ ಹಳೆಯ ಪ್ರಧಾನಾಲಯವೂ 1945ರ ವೈಮಾನಿಕ ದಾಳಿಯಲ್ಲಿ ಸುಟ್ಟುಹೋಗಿತ್ತು. ಅದೇ ನೆಲದಲ್ಲಿ ಕೊಲೋನಿನ ಭಕ್ತರ ನೆರವಿನಿಂದ, ಶಿಲ್ಪಿ ಕೆಂಜೊ ತಾಂಗೆ ಅವರ ವಿನ್ಯಾಸದಂತೆ, 1964ರಲ್ಲಿ ಸಂತ ಮರಿಯಮ್ಮನವರ ಪ್ರಧಾನಾಲಯ ತಲೆಯೆತ್ತಿತು. ಆಕಾಶದಿಂದ ನೋಡಿದರೆ ಅದರ ಛಾವಣಿಯೇ ಒಂದು ಶಿಲುಬೆ.

ಕಡುಬಡತನದಲ್ಲಿಯೂ ಜೆರುಸಲೇಮಿನವರಿಗಾಗಿ ಉದಾರವಾಗಿ ಕೊಟ್ಟ ಮಕೆದೋನಿಯದ ಸಭೆಗಳನ್ನು ಸಂತ ಪೌಲರು ಕೊರಿಂಥದವರ ಮುಂದೆ ಮೆಚ್ಚಿ ನುಡಿದದ್ದು ಇಲ್ಲಿ ನೆನಪಾಗುತ್ತದೆ. ಉಳಿದುದನ್ನು ಕೊಡುವುದು ದಾನ. ಇದ್ದುದರಲ್ಲಿ ಹಂಚಿಕೊಳ್ಳುವುದು ಸಹೋದರತ್ವ.

ಇನ್ನು ಟೋಕಿಯೊ ಈ ಋಣವನ್ನು ತೀರಿಸಿದ ಬಗೆಯನ್ನು ನೋಡೋಣ. ಸಂತ ತೋಮಸ್ ಅಕ್ವಿನಾಸರು ಕೃತಜ್ಞತೆಯನ್ನು ಕುರಿತು ಚಿಂತಿಸುತ್ತ, ಉಪಕಾರವನ್ನು ತೂಗಬೇಕಾದದ್ದು ಕೊಟ್ಟವರ ಮನಸ್ಸಿನಿಂದ ಎಂದಿದ್ದಾರೆ. ಪಡೆದದ್ದನ್ನು ಅವಸರದಿಂದ ಹಿಂದಿರುಗಿಸಿ ಕೈತೊಳೆದುಕೊಳ್ಳಬಯಸುವವನಲ್ಲಿ ಕೃತಜ್ಞತೆಗಿಂತ ಸಾಲಗಾರನ ಚಡಪಡಿಕೆಯೇ ಹೆಚ್ಚು. 1979ರಲ್ಲಿ, ಬಾಂಧವ್ಯಕ್ಕೆ 25 ವರ್ಷ ತುಂಬಿದಾಗ, ಟೋಕಿಯೊ ಆ ವೇಳೆಗೆ ಅನುಕೂಲಸ್ಥ ನಗರವಾಗಿತ್ತು. ಹಣವನ್ನು ಕೊಲೋನಿಗೆ ಮರಳಿಸಿ ಲೆಕ್ಕ ಚುಕ್ತಾ ಮಾಡುವುದು ಕಷ್ಟವಿರಲಿಲ್ಲ. ಆದರೆ ಮಹಾಧರ್ಮಾಧ್ಯಕ್ಷ ಶಿರಾಯಾನಗಿ ಮತ್ತು ಕೊಲೋನಿನ ಕಾರ್ಡಿನಲ್ ಹೋಫ್ನರ್ ಬೇರೊಂದು ದಾರಿ ಹಿಡಿದರು. ಎರಡೂ ಮಹಾಧರ್ಮಪ್ರಾಂತ್ಯಗಳು ಜೊತೆಗೂಡಿ, ಆಗ ಬರ್ಮಾ ಎನಿಸಿಕೊಂಡಿದ್ದ ಮ್ಯಾನ್ಮಾರಿನ ಧರ್ಮಸಭೆಗೆ ಆಸರೆಯಾಗಲು ನಿರ್ಧರಿಸಿದವು. 1960ರ ದಶಕದಲ್ಲಿ ಅಲ್ಲಿನ ಕಥೋಲಿಕ ಶಾಲೆಗಳು ಸರ್ಕಾರದ ಪಾಲಾಗಿ, ಅನೇಕ ವಿದೇಶಿ ಮಿಷನರಿಗಳು ದೇಶ ಬಿಡಬೇಕಾಗಿ ಬಂದಿತ್ತು. ಯುದ್ಧಕಾಲದಲ್ಲಿ ಜಪಾನಿನ ಸೇನೆ ಆಕ್ರಮಿಸಿಕೊಂಡಿದ್ದ ನಾಡೂ ಅದೇ ಎಂಬುದನ್ನು ನೆನೆದರೆ ಈ ನಿರ್ಧಾರದ ಆಳ ತಿಳಿದೀತು.

ಈಗ ಟೋಕಿಯೊದ ಧರ್ಮಕೇಂದ್ರಗಳಲ್ಲಿ ಜನವರಿಯ ಒಂದು ಭಾನುವಾರ ಕೊಲೋನಿಗಾಗಿ ಪ್ರಾರ್ಥನೆ ನಡೆಯುತ್ತದೆ. ನವೆಂಬರಿನ ಒಂದು ಭಾನುವಾರ ಮ್ಯಾನ್ಮಾರಿಗಾಗಿ ಕಾಣಿಕೆ ಎತ್ತಲಾಗುತ್ತದೆ. 2021ರ ಸೇನಾ ದಂಗೆಯ ನಂತರ ಮ್ಯಾನ್ಮಾರಿನ ವಿಶ್ವಾಸಿಗಳು ಪಡುತ್ತಿರುವ ಪಾಡನ್ನು ಕಂಡಾಗ ಆ ಕಾಣಿಕೆಯ ಬೆಲೆ ಅರಿವಾಗುತ್ತದೆ. ಯೂರೋಪಿನ ಆಲಯಗಳಲ್ಲಿ ಭಕ್ತರ ಸಂಖ್ಯೆ ಇಳಿಯುತ್ತಿರುವ ಈ ದಿನಗಳಲ್ಲಿ, ಅಂದು ಪಡೆದವರ ಪ್ರಾರ್ಥನೆಯೇ ಅಂದು ಕೊಟ್ಟವರಿಗೆ ಊರುಗೋಲು. 2024ರಲ್ಲಿ ಈ ಬಾಂಧವ್ಯಕ್ಕೆ 70 ವರ್ಷ ತುಂಬಿತು.

ಪ್ರಿಯ ಓದುಗರೇ, ನಮ್ಮ ನಾಡಿನ ಎಷ್ಟೋ ಆಲಯ, ಶಾಲೆ, ಆಸ್ಪತ್ರೆಗಳ ಅಡಿಪಾಯದಲ್ಲಿಯೂ ನಾವು ಮುಖ ಕಾಣದ ಹೊರನಾಡಿನ ಕುಟುಂಬಗಳ ಕಾಣಿಕೆ ಸೇರಿದೆ. ಗುರುಗಳಾದ ನಾವು ಉದ್ಘಾಟನೆಯ ದಿನ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ, ಅಲ್ಲಿಗೆ ಕೃತಜ್ಞತೆ ಮುಗಿಯಿತೆಂದು ಎಷ್ಟು ಬಾರಿ ಸುಮ್ಮನಾಗಿದ್ದೇವೆ! ಕೃತಜ್ಞತೆ ಎಂದರೆ ಮಾಡಿದ್ದನ್ನು ಅರಿತಿರುವುದು. ಅರಿತವನು ಸುಮ್ಮನಿರಲಾರನು.

ಈ ಸಂಜೆ ಮನೆಯಲ್ಲಿ ಜಪಸರ ಪ್ರಾರ್ಥಿಸುವಾಗ ಆ ಅಪರಿಚಿತ ಕುಟುಂಬಗಳನ್ನು ಮಕ್ಕಳೊಡನೆ ಸ್ಮರಿಸೋಣ. ನಮ್ಮಿಂದ ಏನನ್ನೂ ಮರಳಿಸಲಾಗದ ಯಾರಿಗಾದರೂ ನಮ್ಮ ಮನೆಯ ಪಾಲೊಂದನ್ನು ತೆಗೆದಿಡೋಣ. ಮುಯ್ಯಿ ಪುಸ್ತಕದಲ್ಲಿ ಅದನ್ನು ಬರೆಯುವ ಅಗತ್ಯವಿಲ್ಲ.