ಕೊನೆಗೌಡರ ಕೂಲಿ: ಒಂದು ಲೆಕ್ಕ ಹಾಕೋಣ ಬನ್ನಿ

ಮಕ್ಕಳೇ, ನಿಮ್ಮ ಶಾಲೆ ಎರಡು ಮಹಡಿಯದಾಗಿದ್ದರೆ ಅದರ ಎತ್ತರ ಸುಮಾರು ಇಪ್ಪತ್ತೈದು ಅಡಿ ಇರಬಹುದು. ಅದರ ಮೇಲೆ ಅಂಥದ್ದೇ ಇನ್ನೊಂದು ಶಾಲೆ ಇಟ್ಟ ಹಾಗೆ ಊಹಿಸಿಕೊಳ್ಳಿ. ಅಷ್ಟು ಎತ್ತರಕ್ಕೆ, ಎರಡು ಕೈಯಲ್ಲಿ ತಬ್ಬಬಹುದಾದ ಒಂದು ಕಂಬವನ್ನು ಹತ್ತಬೇಕು. ಗಾಳಿ ಬಂದರೆ ಕಂಬ ತೂಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಆ ಕಂಬವೇ ಅಡಿಕೆ ಮರ.

ಸಾಗರ, ಸಿದ್ದಾಪುರ, ಶಿರಸಿಯ ಕಡೆ ಅಡಿಕೆ ಗೊನೆಗೆ ‘ಕೊನೆ’ ಎನ್ನುತ್ತಾರೆ. ಅದನ್ನು ಕೊಯ್ದು ಇಳಿಸುವವರು ಕೊನೆಗೌಡರು. ಕಾಲಿಗೆ ಹಗ್ಗದ ಕುಣಿಕೆ, ಸೊಂಟದಲ್ಲಿ ಕತ್ತಿ, ಹೆಗಲ ಮೇಲೆ ಉದ್ದದ ಹಗ್ಗ. ಕೊಯ್ದ ಕೊನೆ ಹಗ್ಗದ ಮೇಲೆ ಸರ್‍ರನೆ ಜಾರಿ ಬರುತ್ತದೆ. ಕೆಳಗೆ ಒಬ್ಬರು ಹಗ್ಗ ಹಿಡಿದು ನಿಂತು, ಕಾಯಿ ಉದುರದಂತೆ ಅದನ್ನು ಇಳಿಸಿಕೊಳ್ಳುತ್ತಾರೆ.

ಈಗ ಒಂದು ಲೆಕ್ಕ. ಒಂಬತ್ತು ಅಡಿಗೆ ಒಂದರಂತೆ ಗಿಡ ನೆಟ್ಟರೆ ಒಂದು ಎಕರೆಯಲ್ಲಿ ಸುಮಾರು 540 ಮರ ಹಿಡಿಯುತ್ತವೆ. ಮರಕ್ಕೆ 50 ಅಡಿ ಎಂದರೆ 540 ಮರ ಹತ್ತಿದವರು ಒಟ್ಟು 27,000 ಅಡಿ ಏರಿದ ಹಾಗಾಯಿತು. ಎವರೆಸ್ಟ್ ಶಿಖರದ ಎತ್ತರ 29,032 ಅಡಿ! ಅದಕ್ಕೇ ನುರಿತ ಕೊನೆಗೌಡರು ಪ್ರತಿ ಮರಕ್ಕೂ ನೆಲದಿಂದ ಹತ್ತುವುದಿಲ್ಲ. ತುದಿಯಲ್ಲಿ ಕುಳಿತು ಮರವನ್ನು ತೂಗಿ, ಪಕ್ಕದ ಮರವನ್ನು ಹಿಡಿದೆಳೆದುಕೊಂಡು ಅದಕ್ಕೆ ದಾಟಿಬಿಡುತ್ತಾರೆ. ನೋಡುವವರ ಎದೆ ಝಲ್ಲೆನ್ನುತ್ತದೆ.

ಮಳೆಗಾಲದ ಕೆಲಸ

ಕೊಯ್ಲು ಚಳಿಗಾಲದ ಕೆಲಸ. ಅದಕ್ಕಿಂತ ಕಷ್ಟದ್ದು ಮಳೆಗಾಲದ ಔಷಧಿ ಹೊಡೆಯುವ ಕೆಲಸ. ಮಳೆ ಜೋರಾದರೆ ಅಡಿಕೆಗೆ ಕೊಳೆರೋಗ ಬರುತ್ತದೆ. ಎಳೆಕಾಯಿ ಕೊಳೆತು ಮರದ ಬುಡದಲ್ಲಿ ಹಾಸಿ ಬೀಳುತ್ತದೆ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ನಮ್ಮ ‘ಕೊಳೆರೋಗ’ ಎಂಬ ಮಾತು ಹಾಗೆಯೇ ಇಂಗ್ಲಿಷ್ ವಿಜ್ಞಾನದ ಪುಸ್ತಕಗಳಿಗೂ ಸೇರಿತು.

ಹಿಂದೆ ಕೊನೆಗಳಿಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದುದು ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ಆಮೇಲೆ ಬಂದದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಮಳೆ ಬಿಟ್ಟ ದಿನವೇ ಹೊಡೆಯಬೇಕು. ಹಾಗಾಗಿ ಊರಿನ ಎಲ್ಲ ತೋಟದವರಿಗೂ ಕೊನೆಗೌಡರು ಒಂದೇ ದಿನ ಬೇಕು!

ನಾನು ಚಿಕ್ಕವನಿದ್ದಾಗ ಅಜ್ಜನ ತೋಟಕ್ಕೆ ಬರುತ್ತಿದ್ದ ಕೊನೆಗೌಡರು ಮರದ ಮೇಲಿಂದ, “ಅಪ್ಪೀ, ಬುಡದಲ್ಲಿ ನಿಲ್ಲಬೇಡ, ಆಚೆ ಹೋಗು” ಎಂದು ಕೂಗುತ್ತಿದ್ದರು. ಒಂದು ಮಳೆಗಾಲ ಅವರೇ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟು. ಆ ವರ್ಷ ನಮ್ಮ ತೋಟಕ್ಕೆ ಎರಡನೇ ಔಷಧಿ ಆಗಲಿಲ್ಲ. ಉದುರಿದ ಕಾಯಿ ನೋಡಿ ಅಜ್ಜ ಪೇಚಾಡುತ್ತಿದ್ದರೆ ಅಜ್ಜಿ ಅಂದಳು: “ಕಾಯಿ ಬರೋ ವರ್ಷ ಮತ್ತೆ ಬರುತ್ತೆ. ಅವನ ಸೊಂಟ ಬರುತ್ತಾ?” ಅಜ್ಜ ಮಾತಾಡಲಿಲ್ಲ. ಮರುದಿನ ಒಂದು ಮೂಟೆ ಅಕ್ಕಿ ಹೊರಿಸಿಕೊಂಡು ಅವರ ಮನೆಗೆ ಹೋದರು. ಆದರೆ ಆ ಕೊನೆಗೌಡರು ಮತ್ತೆ ಮರ ಹತ್ತಲಿಲ್ಲ.

ಕೂಲಿ ಹೆಚ್ಚೇ?

“ಮರ ಹತ್ತುವವರಿಗೆ ದಿನಕ್ಕೆ ಸಾವಿರದ ಮೇಲೆ ಕೊಡಬೇಕಪ್ಪ” ಎಂದು ದೊಡ್ಡವರು ಹೇಳುವುದನ್ನು ನೀವು ಕೇಳಿರಬಹುದು. ಮಾತು ನಿಜ. ತೋಟದ ಬೇರೆ ಕೆಲಸಕ್ಕಿಂತ ಇದಕ್ಕೆ ಕೂಲಿ ಬಹಳ ಹೆಚ್ಚು. ಕೆಲವು ಕಡೆ ದಿನದ ಲೆಕ್ಕ, ಕೆಲವು ಕಡೆ ಕೊನೆಯ ಲೆಕ್ಕ. ದರ ಊರಿಂದ ಊರಿಗೆ ಬೇರೆ.

ಸುಮ್ಮನೆ ಲೆಕ್ಕಕ್ಕೆಂದು ದಿನಕ್ಕೆ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ಕೊಯ್ಲು, ಔಷಧಿ ಎರಡೂ ಸೇರಿ ವರ್ಷದಲ್ಲಿ 120 ದಿನ ಕೆಲಸ ಸಿಕ್ಕಿತು ಎನ್ನೋಣ. ಒಟ್ಟು 1,80,000 ರೂಪಾಯಿ. ಇದನ್ನು 365ರಿಂದ ಭಾಗಿಸಿ ನೋಡಿ. ದಿನಕ್ಕೆ 493 ರೂಪಾಯಿ! ಉಳಿದ ದಿನಗಳಲ್ಲಿ ಬೇರೆ ಕೂಲಿ ಹುಡುಕಬೇಕು. ರಜೆಗೆ ಸಂಬಳವಿಲ್ಲ, ಪಿಂಚಣಿಯಿಲ್ಲ. ವಯಸ್ಸಾದಂತೆ ಮೊಣಕಾಲು, ಸೊಂಟ ಮಾತು ಕೇಳುವುದಿಲ್ಲ. ಮಕ್ಕಳನ್ನು ಈ ಕೆಲಸಕ್ಕೆ ಹಾಕಲು ಕೊನೆಗೌಡರಿಗೇ ಮನಸ್ಸಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಹೊಸ ದಾರಿಗಳು

ಜನ ಸಿಗದಾದಾಗ ಉಪಾಯಗಳು ಹುಟ್ಟುತ್ತವೆ. ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ತಯಾರಿಸಿದರು. ಸೀಟಿನ ಮೇಲೆ ಕುಳಿತು ಪಟ್ಟಿ ಬಿಗಿದುಕೊಂಡರೆ ಅದು ಸವಾರನನ್ನು ಹೊತ್ತು ಮರ ಏರುತ್ತದೆ. ಕಾರ್ಬನ್ ಫೈಬರ್‌ನ ಉದ್ದ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊಯ್ಯುವವರು, ಔಷಧಿ ಹೊಡೆಯುವವರು ಈಗ ಬಹಳ ಮಂದಿ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಯುವಕರಿಗೆ ಮರ ಹತ್ತುವ ತರಬೇತಿ ಶಿಬಿರವೂ ನಡೆದಿದೆ. ದೋಟಿ ಬಂದರೂ ಅದನ್ನು ಹಿಡಿಯಲು ತೋಳಿನ ಬಲ ಬೇಕು, ಬಲಿತ ಕೊನೆ ಯಾವುದು, ಎಳೆಯದು ಯಾವುದು ಎಂದು ಕೆಳಗಿನಿಂದಲೇ ಗುರುತಿಸುವ ಕಣ್ಣೂ ಬೇಕು.

ಕೊನೆಗೆ ಒಂದು ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎಂಬ ಅಪಘಾತ ವಿಮೆ ಇದೆ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಸಾಕು. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವೈಕಲ್ಯವಾದರೆ ಎರಡು ಲಕ್ಷ ರೂಪಾಯಿ ಸಿಗುತ್ತದೆ. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ, ನಿಜ. ಆದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ.

ಅಜ್ಜಂದಿರೇ, ಈ ಸಲ ಕೂಲಿ ಎಣಿಸಿ ಕೊಡುವಾಗ “ವಿಮೆ ಮಾಡಿಸಿದ್ದೀಯೇನಪ್ಪಾ?” ಎಂದು ಒಮ್ಮೆ ಕೇಳಿ. ಇಲ್ಲವೆಂದರೆ ಆ 20 ರೂಪಾಯಿ ನೀವೇ ಕೊಡಿ. ಮಕ್ಕಳೇ, ಅರ್ಜಿ ತುಂಬುವ ಕೆಲಸ ನಿಮ್ಮದು. ಮತ್ತೆ, ಕೊನೆಗೌಡರು ಮರದ ಮೇಲಿರುವಾಗ ಬುಡದಲ್ಲಿ ನಿಲ್ಲಬೇಡಿ. ಇಳಿದು ಬಂದಾಗ ಒಂದು ಲೋಟ ಮಜ್ಜಿಗೆ ಹಿಡಿದು ನಿಂತಿರಿ.