ಎರಡು ಕಾಲು, ಮೂರು ಪೆಡಲು

ದೇವರು ಮನುಷ್ಯನಿಗೆ ಕೊಟ್ಟದ್ದು ಎರಡು ಕಾಲು. ಮೋಟಾರು ಮಾಡಿದವನು ಇಟ್ಟದ್ದು ಮೂರು ಪೆಡಲು. ಕ್ಲಚ್ಚು ಎಡಗಾಲಿನ ಪಾಲು. ಬ್ರೇಕು, ಎಕ್ಸಲರೇಟರು ಎರಡೂ ಬಲಗಾಲಿನ ಪಾಲು. ಸಾಮಾನ್ಯ ದಿನಗಳಲ್ಲಿ ಈ ಏರ್ಪಾಡಿನಿಂದ ಯಾರಿಗೂ ತೊಂದರೆಯಿಲ್ಲ; ಒಂದನ್ನು ಒತ್ತುವಾಗ ಇನ್ನೊಂದನ್ನು ಬಿಟ್ಟರಾಯಿತು. ಆದರೆ ಮೂರನ್ನೂ ಏಕಕಾಲಕ್ಕೆ ಒತ್ತಬೇಕಾದ ಗಳಿಗೆಯೊಂದಿದೆ. ವೇಗವಾಗಿ ಬರುತ್ತಿರುವ ಕಾರು ತಿರುವಿನ ಮುಂದೆ ನಿಧಾನಿಸಿ, ಕೆಳಗಿನ ಗೇರಿಗೆ ಇಳಿಯುವ ಗಳಿಗೆ ಅದು. ಆಗ ಬಲಗಾಲು ಒಂದೇ ಆದರೂ ಎರಡಾಗಿ ಕೆಲಸ ಮಾಡಬೇಕು. ಈ ವಿದ್ಯೆಗೆ ಮೋಟಾರು ಪಂದ್ಯದವರು ‘ಹೀಲ್ ಅಂಡ್ ಟೋ’ ಎನ್ನುತ್ತಾರೆ. ಕನ್ನಡದಲ್ಲಿ ಹಿಮ್ಮಡಿ-ಬೆರಳಿನ ಚಾಲನೆ ಎನ್ನಬಹುದು.

ವಿಜಯಪುರದಿಂದ ಜಮಖಂಡಿಯ ಕಡೆಗೆ ಹೋಗುವ ದಾರಿಯಲ್ಲಿ ಬಬಲೇಶ್ವರವಿದೆ. ಸುತ್ತಲೂ ಎರೆಭೂಮಿ. ಸ್ಪೋರ್ಟ್ಸ್ ಕಾರುಗಳಿಗೂ ಈ ಸೀಮೆಗೂ ದೂರದ ನಂಟೂ ಇಲ್ಲವೆಂದು ತೋರುವುದು ಸಹಜ. ಆದರೂ ಪೆಡಲುಗಳ ಮರ್ಮವನ್ನು ಅರಿಯಬೇಕೆಂಬವರು ಕಬ್ಬು ಕಡಿಯುವ ಕಾಲದಲ್ಲಿ ಈ ರಸ್ತೆಯ ಬದಿಗೆ ನಿಂತರೆ ಸಾಕು. ಹಿಂದೆ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು ಕಾರ್ಖಾನೆಯ ಕಡೆಗೆ ಸಾಗುವ ಟ್ರ್ಯಾಕ್ಟರಿಗೆ ಪೆಡಲುಗಳು ಮೂರಲ್ಲ, ನಾಲ್ಕು! ಎಡಕ್ಕೆ ಕ್ಲಚ್ಚು, ಬಲಕ್ಕೆ ಒಂದರ ಪಕ್ಕದಲ್ಲೊಂದು ಎರಡು ಬ್ರೇಕು, ಅದರಾಚೆಗೆ ಎಕ್ಸಲರೇಟರು. ಎಡದ ಹಿಂಗಾಲಿಗೆ ಒಂದು ಬ್ರೇಕು, ಬಲದ ಹಿಂಗಾಲಿಗೆ ಇನ್ನೊಂದು. ನೇಗಿಲು ಸಾಲಿನ ಕೊನೆಗೆ ಬಂದಾಗ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರು ನಿಂತಲ್ಲೇ ಎಂಬಂತೆ ತಿರುಗುತ್ತದೆ. ಹೊಲದಲ್ಲಿ ಇದು ವರ. ಆದರೆ ರಸ್ತೆಗೆ ಇಳಿಯುವ ಮುನ್ನ ಎರಡೂ ಪೆಡಲುಗಳನ್ನು ಕೊಂಡಿಯಿಂದ ಸೇರಿಸಲೇಬೇಕು. ಮರೆತು, ವೇಗದಲ್ಲಿ ಒಂದೇ ಬ್ರೇಕನ್ನು ತುಳಿದರೆ ಟ್ರ್ಯಾಕ್ಟರು ಥಟ್ಟನೆ ಅಡ್ಡ ತಿರುಗುತ್ತದೆ. ಹಿಂದಿನ ಕಬ್ಬಿನ ಹೊರೆ ಅದನ್ನು ದೂಡಿ ಉರುಳಿಸುತ್ತದೆ. ಪೆಡಲು ಎಲ್ಲಿದೆ, ಯಾವುದರ ಪಕ್ಕದಲ್ಲಿದೆ ಎಂಬುದು ಹೀಗೆ ಪ್ರಾಣದ ಪ್ರಶ್ನೆಯಾಗುತ್ತದೆ.

ಗೇರಿನ ಲೆಕ್ಕ

ಇನ್ನು ಕಾರಿಗೆ ಬರೋಣ. ಒಂದು ಕಾರು ನಾಲ್ಕನೆಯ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ. ಆಗ ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿ. ಮೂರನೆಯ ಗೇರಿನ ಪ್ರಮಾಣ ಅದರ ಒಂದೂವರೆಯಷ್ಟಿದ್ದರೆ, ಅದೇ 60ರ ವೇಗಕ್ಕೆ ಎಂಜಿನ್ನು 3000 ಸುತ್ತು ತಿರುಗಬೇಕು. ನಡುವಿನ ಈ ಸಾವಿರ ಸುತ್ತುಗಳನ್ನು ಕೊಡುವವರು ಯಾರು? ಚಾಲಕ ಸುಮ್ಮನೆ ಕ್ಲಚ್ಚು ಬಿಟ್ಟರೆ ಆ ಭಾರ ಚಕ್ರಗಳ ಮೇಲೆ ಬೀಳುತ್ತದೆ. ಓಡುತ್ತಿರುವ ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸಬೇಕು. ಒಣಗಿದ ನೆಟ್ಟನೆಯ ರಸ್ತೆಯಲ್ಲಿ ಇದರಿಂದ ಒಂದು ಕುಲುಕು ಮಾತ್ರ. ಹಿಂದೆ ಕುಳಿತ ಅಜ್ಜಿ ಗೊಣಗಿ ಸುಮ್ಮನಾದಾಳು. ಆದರೆ ಮಳೆ ಬಿದ್ದ ತಿರುವಿನಲ್ಲಿ, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಕಾರಿನಲ್ಲಿ, ಕಥೆಯೇ ಬೇರೆ. ಬ್ರೇಕು ಒತ್ತಿದಾಗ ಕಾರಿನ ತೂಕವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗಿರುತ್ತವೆ. ಅದೇ ಕ್ಷಣ ಎಂಜಿನ್ನಿನ ಹೊರೆಯೂ ಅವುಗಳ ಮೇಲೆ ಬಿದ್ದರೆ ಅವು ನೆಲದ ಹಿಡಿತ ಬಿಡುತ್ತವೆ. ಕಾರಿನ ಹಿಂಭಾಗ ಮುಂದೆ ಬರಲು ಹವಣಿಸುತ್ತದೆ.

ಇದಕ್ಕೆ ಮದ್ದು ಒಂದೇ. ಕ್ಲಚ್ಚು ಒತ್ತಿರುವಾಗಲೇ ಎಕ್ಸಲರೇಟರನ್ನು ಒಮ್ಮೆ ಚಿಮ್ಮಿ, ಆ ಸಾವಿರ ಸುತ್ತುಗಳನ್ನು ಎಂಜಿನ್ನಿಗೆ ಮೊದಲೇ ಕೊಟ್ಟುಬಿಡುವುದು.

ಲಾರಿಯವನಿಗೆ ಇದು ಹೊಸದಲ್ಲ

ನಮ್ಮ ಹಳೆಯ ಲಾರಿ, ಬಸ್ಸುಗಳ ಚಾಲಕರು ‘ಡಬಲ್ ಕ್ಲಚ್ಚು’ ಎಂದು ಕರೆಯುತ್ತಿದ್ದುದರ ಸಾರವೂ ಇದೇ. ಅಂದಿನ ಗೇರುಪೆಟ್ಟಿಗೆಗಳಲ್ಲಿ ಹಲ್ಲುಗಳ ವೇಗವನ್ನು ತಾನಾಗಿಯೇ ಸರಿದೂಗಿಸುವ ‘ಸಿಂಕ್ರೊಮೆಶ್’ ಇರಲಿಲ್ಲ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂದದ್ದು 1928ರಲ್ಲಿ. ಭಾರಿ ವಾಹನಗಳಿಗೆ ಇಳಿದು ಬರಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಕ್ಲಚ್ಚು ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತರುವುದು, ಕ್ಲಚ್ಚು ಬಿಟ್ಟು ಎಂಜಿನ್ನನ್ನು ಒಮ್ಮೆ ಗುಡುಗಿಸುವುದು, ಮತ್ತೆ ಕ್ಲಚ್ಚು ಒತ್ತಿ ಕೆಳಗಿನ ಗೇರಿಗೆ ಇಳಿಸುವುದು. ಇಷ್ಟು ಮಾಡದಿದ್ದರೆ ಹಲ್ಲುಗಳು ಕರಕರನೆ ಕಿರುಚಿ ಗೇರು ಬೀಳುತ್ತಲೇ ಇರಲಿಲ್ಲ. ಆಗುಂಬೆಯಂಥ ಘಟ್ಟದ ಇಳಿಜಾರಿನಲ್ಲಿ ಗೇರು ಬೀಳದೆ ನ್ಯೂಟ್ರಲ್ಲಿನಲ್ಲೇ ಉಳಿದ ಲಾರಿಯ ಪಾಡನ್ನು ಊಹಿಸಿಕೊಳ್ಳಿ. ಎಂಜಿನ್ನಿನ ತಡೆಯಿಲ್ಲ, ಬ್ರೇಕೊಂದೇ ಗತಿ. ಅದೂ ಕಾದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಉಸ್ತಾದರು ಕ್ಲೀನರ್ ಹುಡುಗರಿಗೆ ಹೇಳಿಕೊಡುತ್ತಿದ್ದುದು ಇದಕ್ಕಾಗಿಯೇ.

ಪಂದ್ಯದ ಚಾಲಕ ಮಾಡುವುದು ಇಷ್ಟನ್ನೇ. ಆದರೆ ಬ್ರೇಕಿನ ಮೇಲಿನ ಕಾಲನ್ನು ತೆಗೆಯದೆ ಮಾಡುತ್ತಾನೆ. ಬಲಗಾಲಿನ ಬೆರಳುಗಳ ಬುಡ ಬ್ರೇಕನ್ನು ಒತ್ತಿರುತ್ತದೆ. ಕಣಕಾಲನ್ನು ಹೊರಳಿಸಿ ಹಿಮ್ಮಡಿಯಿಂದಲೋ ಪಾದದ ಬಲ ಅಂಚಿನಿಂದಲೋ ಎಕ್ಸಲರೇಟರನ್ನು ತಟ್ಟುತ್ತಾನೆ. ಹೆಸರಿನಲ್ಲಿ ಹಿಮ್ಮಡಿ ಇದ್ದರೂ ಇಂದಿನ ಕಾರುಗಳಲ್ಲಿ ಬಹುತೇಕ ಕೆಲಸ ನಡೆಯುವುದು ಪಾದದ ಅಂಚಿನಿಂದಲೇ. ಕಷ್ಟವಿರುವುದು ತಟ್ಟುವುದರಲ್ಲಲ್ಲ, ತಟ್ಟುವಾಗ ಬ್ರೇಕಿನ ಮೇಲಿನ ಒತ್ತಡ ಕೂದಲೆಳೆಯಷ್ಟೂ ಏರುಪೇರಾಗಬಾರದು ಎಂಬುದರಲ್ಲಿ. ವೀಣೆಯ ಮೇಲೆ ಒಂದೇ ಕೈಯ ಬೆರಳುಗಳು ಬೇರೆಬೇರೆ ಮಾತು ಕೇಳುವುದನ್ನು ಬಲ್ಲವರಿಗೆ ಈ ಕಷ್ಟ ಬೇಗ ಅರ್ಥವಾದೀತು.

ಮೂರು ಬಾರಿ ವಿಶ್ವವಿಜೇತನಾದ ಬ್ರೆಜಿಲಿನ ಐರ್ಟನ್ ಸೆನ್ನಾ ಜಪಾನಿನ ಸುಜುಕಾ ಪಥದಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನು ಓಡಿಸಿದ ಚಿತ್ರವೊಂದಿದೆ. ಅದರಲ್ಲಿ ಕ್ಯಾಮೆರಾ ನೋಡುವುದು ಅವನ ಮುಖವನ್ನಷ್ಟೇ ಅಲ್ಲ, ಪಾದಗಳನ್ನೂ. ಪಂದ್ಯದ ಬೂಟಿಲ್ಲ, ಬಿಳಿಯ ಕಾಲುಚೀಲದ ಮೇಲೆ ಪೇಟೆಗೆ ಹೋಗುವವರು ತೊಡುವಂಥ ಸಾದಾ ಲೋಫರು. ಆ ಪಾದಗಳು ಮೂರು ಪೆಡಲುಗಳ ಮೇಲೆ ಕುಣಿಯುವುದನ್ನು ಕಂಡವರಿಗೆ ಚಾಲನೆಯೂ ಒಂದು ನೃತ್ಯವೆಂದು ತೋರಿದರೆ ಆಶ್ಚರ್ಯವಿಲ್ಲ.

ಪೆಡಲಿನ ಸ್ಥಾನಮಾನ

ಪಾದ ಎಷ್ಟೇ ಚತುರವಾಗಿದ್ದರೂ ಪೆಡಲುಗಳು ಸಹಕರಿಸದಿದ್ದರೆ ಏನೂ ನಡೆಯದು. ಇಂದು ನಾವು ಸಹಜವೆಂದು ಭಾವಿಸಿರುವ ಕ್ಲಚ್ಚು-ಬ್ರೇಕು-ಎಕ್ಸಲರೇಟರಿನ ಸಾಲು ಮೊದಲಿನಿಂದಲೂ ಇದ್ದದ್ದಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ‘ಟಿ’ ಕಾರಿಗೂ ಮೂರು ಪೆಡಲುಗಳಿದ್ದವು. ಆದರೆ ಎಡದ್ದು ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲದ್ದು ಬ್ರೇಕಿಗೆ. ಎಕ್ಸಲರೇಟರು ಸ್ಟೇರಿಂಗಿನ ಬಳಿ ಕೈಯಲ್ಲಿತ್ತು! 1957ರಲ್ಲಿ ಅರ್ಜೆಂಟೀನದ ಫ್ಯಾಂಜಿಯೊ ತನ್ನ 46ನೆಯ ವಯಸ್ಸಿನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಂದ್ಯವನ್ನು ಗೆದ್ದ ಮಾಸೆರಾಟಿ 250ಎಫ್ ಕಾರಿನಲ್ಲಿ ಎಕ್ಸಲರೇಟರು ನಡುವೆ, ಬ್ರೇಕು ಬಲಕ್ಕೆ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಅದೇ ಮಾದರಿಯ ತನ್ನ ಸ್ವಂತ ಕಾರಿನಲ್ಲಿ ಎಕ್ಸಲರೇಟರನ್ನು ಬಲಕ್ಕೆ ಮಾಡಿಸಿಕೊಂಡ. ಗಾಬರಿಯ ಗಳಿಗೆಯಲ್ಲಿ ಕಾಲು ಬುದ್ಧಿಯ ಮಾತು ಕೇಳುವುದಿಲ್ಲ, ರೂಢಿಯ ಮಾತು ಕೇಳುತ್ತದೆ; ಮಾಸ್ ಮಾಡಿದ್ದೇ ಜಾಣತನ.

ಹಿಮ್ಮಡಿ-ಬೆರಳಿನ ವಿದ್ಯೆಗೆ ಬೇಕಾದ ಅಳತೆ ನಾಜೂಕಿನದು. ಬ್ರೇಕನ್ನು ಬಲವಾಗಿ ಒತ್ತಿದಾಗ ಅದು ಎಕ್ಸಲರೇಟರಿನ ಸಮಕ್ಕೆ, ಅಥವಾ ಅದಕ್ಕಿಂತ ತುಸು ಮೇಲೆ ನಿಲ್ಲಬೇಕು. ಎರಡರ ನಡುವಿನ ಅಂತರವನ್ನು ಪಾದ ಆರಾಮವಾಗಿ ದಾಟುವಂತಿರಬೇಕು. ಸಂಸಾರದ ಕಾರುಗಳಲ್ಲಿ ಬ್ರೇಕು ಎತ್ತರದಲ್ಲಿ, ಎಕ್ಸಲರೇಟರು ತಗ್ಗಿನಲ್ಲಿ, ದೂರದಲ್ಲಿರುತ್ತದೆ. ಇದು ತಯಾರಕರ ಅಜ್ಞಾನವಲ್ಲ, ವಿವೇಕ: ಬ್ರೇಕಿಗೆ ಹೋದ ಕಾಲು ತಪ್ಪಿಯೂ ಎಕ್ಸಲರೇಟರನ್ನು ತುಳಿಯಬಾರದೆಂದು ಇಟ್ಟ ಅಂತರವದು. ಪಂದ್ಯದವರು ಎಕ್ಸಲರೇಟರಿನ ಮೇಲೆ ಲೋಹದ ತಗಡು ಬಿಗಿದು ಈ ಅಂತರವನ್ನು ಅಳಿಸುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡುವ ಕಾರಿಗೆ ಅಂಥ ತಗಡನ್ನು ಹಚ್ಚುವ ಉತ್ಸಾಹಿ ತರುಣರು ಆ ವಿವೇಕವನ್ನೇ ಕಿತ್ತೆಸೆದಂತಾಗುತ್ತದೆ.

ಗೃಹಸ್ಥನ ಕಾರಿನಲ್ಲಿ ಅಪಾಯ ಬರುವುದು ಇನ್ನೂ ಸಾಮಾನ್ಯ ವಸ್ತುಗಳಿಂದ. ಜಾರಿ ಮುಂದೆ ಸರಿದ ಕಾಲಡಿಯ ಚಾಪೆ ಎಕ್ಸಲರೇಟರನ್ನು ಒತ್ತಿ ಹಿಡಿದುಬಿಡಬಹುದು. ಇದೇ ಕಾರಣಕ್ಕೆ ಟೊಯೋಟಾ ಕಂಪನಿ 2009ರಲ್ಲಿ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳನ್ನು ತಪಾಸಣೆಗೆ ಕರೆಯಬೇಕಾಯಿತು. ಸೀಟಿನಡಿ ಉರುಳುವ ನೀರಿನ ಸೀಸೆ ಬ್ರೇಕಿನ ಹಿಂದೆ ಸಿಕ್ಕಿಕೊಳ್ಳಬಹುದು. ವಿಜಯಪುರದ ಸೀಮೆಯಲ್ಲಿ ಪ್ರಿಯವಾದ ಕೊಲ್ಹಾಪುರಿ ಚಪ್ಪಲಿ ನಡೆಯಲು ಸೊಗಸು. ಆದರೆ ಹಿಮ್ಮಡಿಯನ್ನು ಹಿಡಿಯದ ಆ ಅಗಲ ಅಟ್ಟೆ ಪೆಡಲುಗಳ ನಡುವೆ ಸಿಲುಕಲು ಹೇಳಿ ಮಾಡಿಸಿದಂತಿದೆ.

ಹಾಗಾದರೆ ಈ ವಿದ್ಯೆಗೆ ನಮ್ಮಲ್ಲಿ ತಾವೆಲ್ಲಿ? ಒಂದು ಕಾಲಕ್ಕೆ ಮದರಾಸಿನ ಬಳಿಯ ಶೋಲಾವರಂ, ಯುದ್ಧಕಾಲದ ವಿಮಾನಪಟ್ಟಿ, ದಕ್ಷಿಣದ ಪಂದ್ಯಪ್ರಿಯರ ಯಾತ್ರಾಸ್ಥಳವಾಗಿತ್ತು. ಕರ್ನಾಟಕದಲ್ಲಿ ‘ಕೆ-1000’ ರ‍್ಯಾಲಿ ಹೆಸರಾಯಿತು. 2010ರ ದಶಕದಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುದಾರಿಗೇ ಬಂದಿತು. ಜಲ್ಲಿ ಜಾರುವ ಆ ತಿರುವುಗಳಲ್ಲಿ ಮಾರುತಿ ಜಿಪ್ಸಿಯಂಥ ಕೈಗೇರಿನ ವಾಹನಗಳನ್ನು ಓಡಿಸಿದವರಿಗೆ ಕಣಕಾಲಿನ ಈ ಹೊರಳು ಅಲಂಕಾರವಾಗಿರಲಿಲ್ಲ. ಬದಿಯಲ್ಲಿ ಕಾದಿದ್ದ ಸಿಲ್ವರ್ ಮರಕ್ಕೂ ಕಾರಿಗೂ ನಡುವಿನ ಅಂತರವಾಗಿತ್ತು.

ಅತ್ಯುನ್ನತ ಪಂದ್ಯಗಳಲ್ಲಿ ಮಾತ್ರ ಈ ಕಲೆ ಈಗ ಅಸ್ತಂಗತ. 1989ರಲ್ಲಿ ಬ್ರೆಜಿಲ್ ಪಂದ್ಯವನ್ನು ಗೆದ್ದ ನೈಜೆಲ್ ಮ್ಯಾನ್ಸೆಲ್‌ನ ಫೆರಾರಿಯಲ್ಲಿ ಗೇರು ಬದಲಿಸಲು ಸ್ಟೇರಿಂಗಿನ ಹಿಂದೆ ಎರಡು ಪಟ್ಟಿಗಳಿದ್ದವು. ಬರಬರುತ್ತ ಅದೇ ಪದ್ಧತಿ ಎಲ್ಲೆಡೆ ನೆಲೆಯೂರಿತು. ಕ್ಲಚ್ಚೂ ಕೈಗೆ ಬಂದಿತು. ಇಳಿಗೇರಿಗೆ ಬೇಕಾದ ಸುತ್ತುಗಳನ್ನು ಯಂತ್ರವೇ ಲೆಕ್ಕ ಹಾಕಿ ಕೊಡತೊಡಗಿತು. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ-2ರ ಕಿರುಪಂದ್ಯವನ್ನು ಗೆದ್ದಾಗ ಕಾಲ ಬಳಿ ಇದ್ದದ್ದು ಎಡಕ್ಕೊಂದು ಬ್ರೇಕು, ಬಲಕ್ಕೊಂದು ಎಕ್ಸಲರೇಟರು. ಎರಡು ಕಾಲಿಗೆ ಎರಡೇ ಪೆಡಲು.