ಗುಜರಿಗೂ ಗೌರವಕ್ಕೂ ನಡುವೆ 35 ವರ್ಷ

1996ರಲ್ಲಿ ನಮ್ಮ ಪ್ರೀಮಿಯರ್ ಪದ್ಮಿನಿಯನ್ನು ಗುಜರಿಯವನಿಗೆ ಒಪ್ಪಿಸಿದಾಗ ಮನೆಯಲ್ಲಿ ಯಾರೂ ಮರುಗಲಿಲ್ಲ. ತಂದೆಯವರು ಹೆಸರು ನೋಂದಾಯಿಸಿ, ವರ್ಷಗಟ್ಟಲೆ ಕಾದು ಪಡೆದ ಕಾರು ಅದು. ಈಚೆಗೆ ನಮ್ಮ ಬಡಾವಣೆಯಲ್ಲಿ ಅದೇ ಮಾದರಿಯ ಕಾರೊಂದನ್ನು ಕಂಡೆ. ಮಾರುವಿರಾ ಎಂದು ಕೇಳಿದೆ. ಮಾಲೀಕನಾದ ಯುವಕ ನಕ್ಕುಬಿಟ್ಟ.

ಅರ್ಥಶಾಸ್ತ್ರ ಓದಿದವನಿಗೆ ಇದು ಒಗಟೇನಲ್ಲ. ಸಾಮಾನ್ಯ ಕಾರಿನ ಬೆಲೆ ಸವೆಯುತ್ತ ಸವೆಯುತ್ತ ಹಳೆಯ ಕಬ್ಬಿಣದ ಬೆಲೆಗೆ ಇಳಿಯುತ್ತದೆ. ಆ ಹಂತದಲ್ಲಿ ದುರಸ್ತಿಯ ವೆಚ್ಚ ಕಾರಿನ ಬೆಲೆಯನ್ನೇ ಮೀರುವುದರಿಂದ ವಿವೇಕಿಗಳೆಲ್ಲ ಅದನ್ನು ಕೈಬಿಡುತ್ತಾರೆ. ಎಲ್ಲರೂ ಹೀಗೆ ವಿವೇಕ ತೋರಿದ್ದರಿಂದಲೇ ಅದು ವಿರಳವಾಗುತ್ತದೆ. ಅರಸರ ರೋಲ್ಸ್ ರಾಯ್ಸ್‌ಗೆ ಈ ಗಂಡಾಂತರವಿಲ್ಲ. ಅದಕ್ಕೆ ಮೊದಲಿನಿಂದಲೂ ಷೆಡ್ಡು ಇತ್ತು, ಆಳೂ ಇದ್ದ. ಇತ್ತ, ಪದ್ಮಿನಿಯ ಹಿಂದಿನ ಸೀಟಿನಲ್ಲಿ ಜಗಳವಾಡುತ್ತ ಬೆಳೆದ ಮಕ್ಕಳು ಸಂಪಾದನೆಯ ವಯಸ್ಸಿಗೆ ಬಂದಾಗ ಬೇಡಿಕೆ ಹುಟ್ಟುತ್ತದೆ. ಅಷ್ಟರಲ್ಲಿ ಕಾರುಗಳೇ ಉಳಿದಿರುವುದಿಲ್ಲ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ.

ನಮ್ಮ ಕಾನೂನು ಈ ಇಳಿಜಾರಿನ ತಳವನ್ನು ಇನ್ನಷ್ಟು ಆಳಗೊಳಿಸಿದೆ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ಸ್ವರೂಪ ಉಳಿಸಿಕೊಂಡ ಕಾರು ಮಾತ್ರ ವಿಂಟೇಜ್. 20,000 ರೂಪಾಯಿ ಕಟ್ಟಿದರೆ ಅದಕ್ಕೆ 'ವಿಎ' ಅಕ್ಷರಗಳ ಫಲಕದ ಮರ್ಯಾದೆ. ಆದರೆ 15 ತುಂಬಿದ ಕಾರು ನೋಂದಣಿ ನವೀಕರಿಸಿಕೊಳ್ಳಬೇಕು. ಆ ಶುಲ್ಕ 2022ರಲ್ಲಿ 600ರಿಂದ 5,000 ರೂಪಾಯಿಗೆ, 20 ವರ್ಷ ಮೀರಿದವಕ್ಕೆ 2025ರಲ್ಲಿ 10,000ಕ್ಕೆ ಏರಿತು. ಹೊಗೆಯುಗುಳುವ ವಾಹನಗಳನ್ನು ರಸ್ತೆಯಿಂದ ತೆಗೆಯುವ ಉದ್ದೇಶ ಸರಿಯೇ. ಸರ್ಕಾರಿ ಸೇವೆಯಲ್ಲಿದ್ದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ತಿಂಗಳಿಗೊಮ್ಮೆ ಹೊರಬರುವ ಕಾರನ್ನೂ ದಿನವಿಡೀ ದುಡಿಯುವ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆ?

ಜರ್ಮನಿಯಲ್ಲಿ 30 ವರ್ಷ ದಾಟಿ ಮೂಲ ಸ್ಥಿತಿಯಲ್ಲಿರುವ ಕಾರಿಗೆ ತಪಾಸಣೆಯ ಬಳಿಕ 'ಎಚ್' ಫಲಕ ಕೊಡುತ್ತಾರೆ, ತೆರಿಗೆಯೂ ಬೇರೆ. ಬ್ರಿಟನ್ನಿನಲ್ಲಿ 40 ದಾಟಿದ ಕಾರಿಗೆ ರಸ್ತೆ ತೆರಿಗೆಯಿಂದ ವಿನಾಯಿತಿ ಇದೆ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಹಾಕಿ, ನಾವೂ 30ರ ಮೆಟ್ಟಿಲೊಂದನ್ನು ನಿರ್ಮಿಸಬಹುದು. ಇಂದಿರಾ ಗಾಂಧಿಯವರು 1983ರ ಡಿಸೆಂಬರ್‌ನಲ್ಲಿ ಕೀಲಿ ಕೊಟ್ಟ ಮೊದಲ ಮಾರುತಿ 800 ಕಂಪನಿಯ ಆಶ್ರಯದಲ್ಲಿ ಕ್ಷೇಮವಾಗಿದೆ. ಅದರ ಹಿಂದೆ ಬಂದ 25 ಲಕ್ಷಕ್ಕೂ ಹೆಚ್ಚು ಕಾರುಗಳಿಗೆ ಆ ಭಾಗ್ಯವಿಲ್ಲ. ಮಧ್ಯಮ ವರ್ಗವನ್ನು ಸ್ಕೂಟರಿನಿಂದ ಇಳಿಸಿ ಕಾರಿಗೆ ಹತ್ತಿಸಿದ್ದು ಅವೇ.

ಆ ಯುವಕನ ಪದ್ಮಿನಿ 1984ರದ್ದು. 2034ರವರೆಗೆ ಅದು ಕಾನೂನಿನ ದೃಷ್ಟಿಯಲ್ಲಿ ಬರಿಯ ಹಳೆಯ ಕಾರು. ತುಕ್ಕು ತಿಂದ ಅದರ ಬಾಗಿಲಿಗೆ ಬದಲಿ ಹುಡುಕಿಕೊಂಡು ಕಳೆದ ವಾರ ಆತ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿಬಂದ. ಸಿಕ್ಕಿಲ್ಲವಂತೆ.